ಊಟಕ್ಕೆ ಮುಂಚೆ ಆಡಿದ ಮಾತು

ಪೀಣ್ಯದ ನಮ್ಮ ಕಾರ್ಖಾನೆಗೆ ಆ ವರ್ಷ ವೈಟ್‌ಫೀಲ್ಡಿನಿಂದ ಒಬ್ಬ ತರಬೇತಿ ಮೇಡಂ ಬಂದಿದ್ದರು. ಐಟಿ ಕಂಪನಿಯ ಹುಡುಗ ಹುಡುಗಿಯರಿಗೆ ಹೇಗೆ ಕೂರಬೇಕು, ಹೇಗೆ ಕೈ ಕುಲುಕಬೇಕು, ಮೇಲಿನವರೊಂದಿಗೆ ಹೇಗೆ ಮಾತಾಡಬೇಕು ಎಂದು ಹೇಳಿಕೊಡುವುದು ಅವರ ಕಸುಬು. ತಗಡು ಒತ್ತಿ ವಾಷಿಂಗ್ ಮಷೀನಿನ ಬಿಡಿಭಾಗ ಮಾಡುವ ನಮ್ಮಂಥ ಜಾಗಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲಂತೆ. ಕ್ಯಾಂಟೀನಿನ ಮಹಡಿಯಲ್ಲಿ ಶಿಫ್ಟ್ ಇನ್‌ಚಾರ್ಜ್‌ಗಳು, ಸೂಪರ್‌ವೈಸರ್‌ಗಳು, ಮೇಂಟೆನೆನ್ಸಿನವರು, ನಾವೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದೆವು. ಕೆಳಗೆ ಪ್ರೆಸ್ಸುಗಳು ಬಡಿಯುವ ಹೊಡೆತಕ್ಕೆ ಮೇಡಂ ಮುಂದಿದ್ದ ಲೋಟದ ನೀರು ನಡುಗುತ್ತಿತ್ತು. ಅವರು ಅದನ್ನೇ ಒಂದು ಗಳಿಗೆ ನೋಡಿ, ಆಮೇಲೆ ನಮ್ಮ ಕಡೆ ತಿರುಗಿದರು.

“ಕೆಲಸದಲ್ಲಿ ಮೇಲೆ ಬರೋಕೆ ಎಲ್ಲಕ್ಕಿಂತ ಮುಖ್ಯವಾಗಿ ಏನು ಗೊತ್ತಿರ್ಬೇಕು? ಒಬ್ಬೊಬ್ರು ಒಂದೊಂದು ಹೇಳಿ.”

“ಇಂಗ್ಲಿಷು,” ಎಂದ ಒಬ್ಬ. “ಟೈಮಿಗೆ ಸರಿಯಾಗಿ ಬರೋದು,” ಎಂದ ಇನ್ನೊಬ್ಬ. ಮೇಂಟೆನೆನ್ಸಿನ ಹಿರಿಯರೊಬ್ಬರು, “ಮ್ಯಾನೇಜರ್ ಯಾವ ಊರಿನೋರು ಅಂತ ಮೊದ್ಲು ತಿಳ್ಕಂಬೇಕು ಮೇಡಂ,” ಎಂದಾಗ ಕೂತವರೆಲ್ಲ ನಕ್ಕರು. ನಗು ಇಳಿದ ಮೇಲೆ ಅಣ್ಣನ ಸರದಿ ಬಂತು.

ಅಣ್ಣ ಅಂದರೆ ನಮ್ಮ ರಾತ್ರಿ ಪಾಳಿಯ ಇನ್‌ಚಾರ್ಜ್. ಮ್ಯಾನೇಜರಿಂದ ಹಿಡಿದು ಗೇಟಿನ ಸೆಕ್ಯುರಿಟಿಯವರೆಗೆ ಎಲ್ಲರಿಗೂ ಅವರು ಅಣ್ಣನೇ. ಪೀಣ್ಯ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ. ಅವರ ತಾತ ಉಳುತ್ತಿದ್ದ ನೆಲದ ಮೇಲೆ ಈಗ ಯಾರದೋ ಫೌಂಡ್ರಿ ಇದೆ. ಅದನ್ನು ಹೇಳುವಾಗಲೂ ಅವರ ದನಿಯಲ್ಲಿ ಕಹಿ ಇರುತ್ತಿರಲಿಲ್ಲ. ಆ ವರ್ಷ ಪ್ರೊಡಕ್ಷನ್ ಮ್ಯಾನೇಜರ್ ಹುದ್ದೆ ಅವರಿಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದೆವು.

“ಮಾತು ಮೇಡಂ,” ಎಂದರು ಅಣ್ಣ. “ಮಾತಾಡಕ್ಕೆ ಎಲ್ರಿಗೂ ಬತ್ತದೆ. ಯಾವಾಗ ಆಡ್ಬೇಕು ಅನ್ನೋದು ಬರ್ಬೇಕು. ಎದುರಿಗಿರೋನ ಹೊಟ್ಟೆ ನೋಡಿ ಮಾತಾಡ್ಬೇಕು. ಹಸ್ಕೊಂಡು ಬಂದೋನಿಗೆ ಕೆಟ್ಟ ಸುದ್ದಿ ಹೇಳ್ಬಾರ್ದು.”

ಮೇಡಂಗೆ ಭಾರಿ ಖುಷಿಯಾಯಿತು. “ಎಂಥ ಮಾತು ಹೇಳಿದ್ರಿ. ನಾವೂ ಇದನ್ನೇ ಹೇಳ್ಕೊಡ್ತೀವಿ. ಮೊದಲು ಒಂದು ಒಳ್ಳೆ ಮಾತು, ನಡುವೆ ಕೆಟ್ಟ ಸುದ್ದಿ, ಕೊನೆಗೆ ಮತ್ತೊಂದು ಒಳ್ಳೆ ಮಾತು. ಸ್ಯಾಂಡ್‌ವಿಚ್ ಇದ್ದ ಹಾಗೆ.”

“ನಮ್ ಕಡೆ ಅದಕ್ಕೆ ಒಬ್ಬಟ್ಟು ಅನ್ನಬೋದು ಬುಡಿ ಮೇಡಂ. ಊರ್ಣ ಮಾತ್ರ ಕಹಿ.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಯಾಕೆಂದರೆ ಅಣ್ಣ ಆಡಿದ್ದು ನಮ್ಮ ಅಜ್ಜಿಯ ಮಾತು.

ನಾನು ದಾವಣಗೆರೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಬೆಳೆದವಳು. ನನಗೆ ಮಾತು ಬಂದದ್ದು ಶಾಲೆಯಿಂದಲ್ಲ, ಅಜ್ಜಿ ಮತ್ತು ಅವಳ ಓರಗೆಯ ಹೆಂಗಸರಿಂದ. ಹೊರಗಿನಿಂದ ಬಂದವರು ಯಾರೇ ಇರಲಿ, ಕೈಕಾಲು ತೊಳೆದು, ನೀರು ಕುಡಿದು, ಎರಡು ತುತ್ತು ತಿನ್ನುವ ತನಕ ಅವರ ಮುಂದೆ ಯಾವ ಕೆಟ್ಟ ಸುದ್ದಿಯನ್ನೂ ಎತ್ತಕೂಡದು. ಇದು ನಮ್ಮ ಮನೆಯ ಕಟ್ಟಳೆ. ಅಪ್ಪ ಒಮ್ಮೆ ಹುಬ್ಬಳ್ಳಿಯಿಂದ ಹಸಿದು ಬಂದಾಗ ಅಜ್ಜಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಪಕ್ಕದಲ್ಲೇ ಕೂತು ಊರ ಸುದ್ದಿಯೆಲ್ಲ ಕೇಳಿದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಕೈ ತೊಳೆದು ಅಂಗವಸ್ತ್ರದಲ್ಲಿ ಒರೆಸಿಕೊಂಡ ಮೇಲೆ ಅಜ್ಜಿ ಮೆಲ್ಲಗೆ, “ನಿನ್ನ ಸೋದರತ್ತಿ ಮುಂಜಾನಿ ಹೋದ್ಲಪ್ಪ,” ಎಂದಳು. ಅಪ್ಪ ಅಲ್ಲೇ ಕುಸಿದು ಕೂತರು. ಎಷ್ಟೋ ವರ್ಷಗಳ ನಂತರವೂ ಅಪ್ಪ ಅದನ್ನು ನೆನೆಯುತ್ತಿದ್ದರು: “ಅವತ್ತು ಅವ್ವ ಉಣ್ಣಾಕ ಬಿಟ್ಲು ನೋಡು. ಮೊದ್ಲ ಹೇಳಿದ್ರ ಮೂರು ದಿನ ಒಂದು ತುತ್ತು ಇಳೀತಿರಲಿಲ್ಲ.” ಪ್ರೀತಿ ಅಂದರೆ ಹೊತ್ತು ಅರಿತು ಮಾತಾಡುವುದು ಎಂದು ನನ್ನ ಮನಸ್ಸಿನಲ್ಲಿ ಅವತ್ತೇ ಬೇರೂರಿಬಿಟ್ಟಿತು.

ಆ ಗುಣವೇ ನನ್ನನ್ನು ಮೇಲೆ ತಂದದ್ದು ಎಂದರೆ ತಪ್ಪಿಲ್ಲ. ಪೀಣ್ಯಕ್ಕೆ ನಾನು ಬಂದದ್ದು ಸ್ಟೋರ್ಸಿನಲ್ಲಿ ಕಂಪ್ಯೂಟರ್ ಒತ್ತುವ ಕೆಲಸಕ್ಕೆ. ಅಲ್ಲಿಂದ ಶಾಪ್‌ಫ್ಲೋರಿಗೆ ಇಳಿದು, ಗಂಡಸರೇ ತುಂಬಿದ್ದ ಕಡೆ ಶಿಫ್ಟ್ ಇನ್‌ಚಾರ್ಜ್ ಆದೆ. ಮೇಲಿನವರು ನನ್ನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: “ಮೇಡಂಗೆ ಮಾತಾಡೋಕೆ ಬರುತ್ತೆ.” ಯಾರಿಗೆ ಯಾವ ಹೊತ್ತಿನಲ್ಲಿ ಏನು ಹೇಳಬೇಕೆಂಬ ಅಜ್ಜಿಯ ಲೆಕ್ಕ ನನಗೆ ಕೈವಶವಾಗಿತ್ತು. ಅಣ್ಣನಿಗಂತೂ ಅದು ರಕ್ತದಲ್ಲೇ ಬಂದಿತ್ತು.

ಪಾಳಿ ಬದಲಾಗುವ ಹೊತ್ತಿನಲ್ಲಿ ಹೊರಡುವ ಇನ್‌ಚಾರ್ಜ್ ಬರುವ ಇನ್‌ಚಾರ್ಜಿಗೆ ಮೊದಲು ಒಂದು ಲೋಟ ಟೀ ಕೊಟ್ಟು, ಆಮೇಲೆ ಕೆಲಸದ ಸುದ್ದಿ ಹೇಳುವ ಪದ್ಧತಿಯನ್ನು ನಮ್ಮಲ್ಲಿ ತಂದವರೂ ಅವರೇ. ಬೇರೆ ಕಾರ್ಖಾನೆಗಳಲ್ಲಿ ಪಾಳಿ ಬದಲಾವಣೆ ಅಂದರೆ ಜಗಳ. ನೀನು ಕೆಡಿಸಿದೆ, ನಾನು ಕೆಡಿಸಲಿಲ್ಲ. ನಮ್ಮಲ್ಲಿ ಹಾಗಿರಲಿಲ್ಲ. ಟೀ ಮುಗಿಯುವಷ್ಟರಲ್ಲಿ ಯಾವ ಕೆಟ್ಟ ಸುದ್ದಿಯೂ ಅರ್ಧ ತೂಕ ಕಳೆದುಕೊಂಡಿರುತ್ತಿತ್ತು.

ತರಬೇತಿ ಆಗಿ ಬಹುಶಃ ಮುಂದಿನ ವಾರವೇ ಇರಬೇಕು. ಬೆಳಗಿನ ಪಾಳಿ ನನ್ನದು. ಜಾಲಹಳ್ಳಿಯ ಮನೆಯಿಂದ ಚಳಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು ಒಳಗೆ ಹೋದಾಗ ಅಣ್ಣ ಎಂದಿನಂತೆ ಇನ್‌ಚಾರ್ಜ್ ಮೇಜಿನ ಹತ್ತಿರ ಟೀ ಇಟ್ಟುಕೊಂಡು ನಿಂತಿದ್ದರು. ಮುಖ ಬಾಡಿತ್ತು. ರಾತ್ರಿಯೆಲ್ಲ ಎದ್ದಿದ್ದ ಮುಖ ಬಾಡದೆ ಇರುತ್ತದೆಯೇ ಎಂದುಕೊಂಡೆ.

“ಏನಣ್ಣ, ರಾತ್ರಿ ಹೇಗಿತ್ತು?”

“ಇರ್ಲಿ, ಕೂತ್ಕಳಿ ಮೇಡಂ. ಚಳೀಲಿ ಬಂದಿದೀರ. ಮೊದ್ಲು ಟೀ ಕುಡೀರಿ. ನಿಮ್ಮತ್ತೆಯೋರ ಮಂಡಿನೋವು ಹೆಂಗೈತೆ?”

ಅತ್ತೆಯ ಮಂಡಿನೋವಿನ ಕಥೆಯನ್ನು ನಾನು ಎರಡು ಮಾತಿನಲ್ಲಿ ಮುಗಿಸುವವಳಲ್ಲ. ಯಾವ ಎಣ್ಣೆ ಹಚ್ಚಿದೆವು, ಯಾವ ಡಾಕ್ಟರು ಏನೆಂದರು, ಅತ್ತೆ ಆ ಡಾಕ್ಟರಿಗೆ ತಿರುಗಿ ಏನೆಂದರು, ಎಲ್ಲ ಹೇಳಿದೆ. ಅಣ್ಣ ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬೆಳಗಿನ ಪಾಳಿಯ ಆಪರೇಟರುಗಳು ತಮ್ಮ ತಮ್ಮ ಮೆಷಿನ್ನಿಗೆ ಹೋದರು. ಮೂಲೆಯ ಪ್ರೆಸ್ಸು ಓಡಲು ಶುರುವಾದ ಸದ್ದು ಕೇಳಿತು. ಅಣ್ಣ ತಟ್ಟನೆ ಆ ಕಡೆ ನೋಡಿದರು. ಬಾಯಿ ತೆರೆದರು. ಆಮೇಲೆ ನನ್ನ ಲೋಟ ನೋಡಿದರು. ಅದರಲ್ಲಿ ಇನ್ನೂ ಅರ್ಧ ಟೀ ಇತ್ತು. ಬಾಯಿ ಮುಚ್ಚಿಕೊಂಡರು. ಇದನ್ನು ನಾನು ಕಣ್ಣಾರೆ ಕಂಡೆ. ಕಂಡರೂ ಏನೂ ಅನ್ನಿಸಲಿಲ್ಲ.

ಮೂಲೆಯ ಪ್ರೆಸ್ಸಿನಲ್ಲಿದ್ದವಳು ಶಿರಾ ಕಡೆಯ ಹೆಂಗಸು. ಪೀಣ್ಯದ ಎಷ್ಟೋ ಕಾರ್ಖಾನೆಗಳಲ್ಲಿ ಕಾಂಟ್ರಾಕ್ಟಿನ ಮೇಲೆ ದುಡಿದು ಸುಸ್ತಾಗಿ ನಮ್ಮಲ್ಲಿಗೆ ಬಂದವಳು. ಪ್ರೊಬೇಷನ್ ಮುಗಿಯುವುದರಲ್ಲಿತ್ತು, ಆ ತಿಂಗಳ ಕೊನೆಗೆ ಅವಳನ್ನು ಕಾಯಂ ಮಾಡುವ ಮಾತಿತ್ತು. ಕಾಯಂ ಆದ ಮೇಲೆ, ಊರಿನಲ್ಲಿ ತಾಯಿಯ ಹತ್ತಿರ ಬಿಟ್ಟಿದ್ದ ಮಗಳನ್ನು ಕರೆಸಿಕೊಂಡು ಇಲ್ಲೇ ಶಾಲೆಗೆ ಸೇರಿಸಬೇಕೆಂದು ಅವಳು ನನ್ನ ಹತ್ತಿರ ಒಂದು ನೂರು ಸಲವಾದರೂ ಹೇಳಿದ್ದಳು. ಶಾಲೆಯ ಬಸ್ಸು ಅವಳ ಬಾಡಿಗೆ ಮನೆಯ ಬೀದಿಗೆ ಬರುತ್ತದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸಿಕೊಂಡಿದ್ದಳು.

ನನ್ನ ಟೀ ಮುಗಿಯುವ ಮೊದಲೇ ಅವಳು ಪ್ರೆಸ್ಸು ಬಿಟ್ಟು ನಮ್ಮ ಕಡೆ ನಡೆದು ಬರುತ್ತಿದ್ದಳು. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಮುಖದಲ್ಲಿ ಒಂಥರಾ ನಗು.

“ಮೇಡಂ, ಇದನ್ನೊಸಿ ನೋಡಿ.”

ಗ್ಲೌಸಿನ ಎರಡು ಬೆರಳುಗಳ ತುದಿ ಇರಲಿಲ್ಲ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ಹಾಗೆ.

ರಕ್ತ ಕಾಣಲಿಲ್ಲ. ಯಾಕೆ ರಕ್ತ ಕಾಣುತ್ತಿಲ್ಲ ಎನ್ನುವುದೇ ನನಗೆ ಹೆದರಿಕೆಯಾಗಿತ್ತು. ಅವಳು ಇನ್ನೂ ನಗುತ್ತಲೇ ಇದ್ದಳು. ನಗುತ್ತಲೇ ಕಾಲು ಮಡಿಸಿ ನೆಲದ ಮೇಲೆ ಕೂತುಬಿಟ್ಟಳು. ಗ್ಲೌಸ್ ತೆಗೆಯಲು ಅವಳಿಗೆ ಧೈರ್ಯವಿಲ್ಲ, ನನಗೂ ಇಲ್ಲ. ಕೊನೆಗೆ ನಾನೇ ಮಂಡಿಯೂರಿ, ಕಣ್ಣು ಅರ್ಧ ಮುಚ್ಚಿಕೊಂಡು, ಮಗುವಿನ ಕಾಲುಚೀಲ ಎಳೆಯುವ ಹಾಗೆ ಮೆಲ್ಲಗೆ ಎಳೆದೆ. ಬೆವರಿನಲ್ಲಿ ತೊಯ್ದ ಬೆರಳುಗಳು ಒಂದೊಂದಾಗಿ ಹೊರಬಂದವು. ಎಲ್ಲ ಇದ್ದವು. ಯಾವುದೋ ಮದುವೆಯಲ್ಲಿ ಹಚ್ಚಿಕೊಂಡ ಮೆಹಂದಿ ಉಗುರಿನ ತುದಿಯಲ್ಲಿ ಇನ್ನೂ ಉಳಿದಿತ್ತು. ನಾನು ಒಂದೊಂದನ್ನೂ ಮುಟ್ಟಿ ನೋಡಿದೆ, ಮತ್ತೆ ಮೊದಲಿನಿಂದ ಮುಟ್ಟಿದೆ.

ನಮ್ಮಲ್ಲಿಗೆ ಬರುತ್ತಿದ್ದದ್ದು ಗಂಡಸರ ಅಳತೆಯ ಗ್ಲೌಸ್ ಮಾತ್ರ. ಹೆಂಗಸರ ಬೆರಳಿನ ಮುಂದೆ ಅದರ ತುದಿ ಖಾಲಿ ಜೋತಾಡುತ್ತಿತ್ತು. ಚಿಕ್ಕ ಅಳತೆಯದು ತರಿಸಿಕೊಡಿ ಎಂದು ಅವರು ಕೇಳುತ್ತಲೇ ಇದ್ದರು, ಸ್ಟೋರ್ಸಿನವರು ತರಿಸದೆ ಇದ್ದರು. ತರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಇವತ್ತಿಗೂ ನನ್ನಿಂದ ಆಗುವುದಿಲ್ಲ.

ತಲೆ ಎತ್ತಿದಾಗ ಅಣ್ಣ ಅಲ್ಲೇ ನಿಂತಿದ್ದರು. ತುಟಿ ಬೆಳ್ಳಗಾಗಿತ್ತು.

“ಹೇಳ್ಬೇಕು ಅಂತಲೇ ನಿಂತಿದ್ದೆ ಮೇಡಂ,” ಎಂದರು. “ರಾತ್ರಿ ಆ ಪ್ರೆಸ್ಸಿನ ಸೆನ್ಸರ್ ಕೆಟ್ಟೋಯ್ತು. ಮಾಲಿಗೆ ಲಾರಿ ಕಾಯ್ತಿತ್ತು. ಸೆನ್ಸರಿನ ವೈರ್ ತಪ್ಸಿ ಓಡ್ಸಿದ್ವಿ. ನೀವು ಬಂದ ತಕ್ಷಣ ಹೇಳಿ ನಿಲ್ಸಣ ಅಂತಿದ್ದೆ. ಅಷ್ಟರಾಗೆ... ನೀವು ಟೀ ಕುಡೀಲಿ ಅಂತ.”

ಪ್ರೆಸ್ಸಿನ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಪರದೆಯೊಂದು ಇರುತ್ತದೆ. ಅದನ್ನೇ ನಾವು ಸೆನ್ಸರ್ ಎನ್ನುವುದು. ಕೈ ಅದನ್ನು ದಾಟಿದರೆ ಮೇಲಿನಿಂದ ಬರುವ ಅಚ್ಚು ನಡುವೆಯೇ ನಿಂತುಬಿಡುತ್ತದೆ. ಅದನ್ನು ನಂಬಿಯೇ ಆಪರೇಟರುಗಳು ವಾರೆಯಾದ ತಗಡನ್ನು ಕೈ ಹಾಕಿ ಸರಿಮಾಡುತ್ತಾರೆ. ವೈರ್ ತಪ್ಪಿಸಿದ ಮೇಲೆ ಆ ಪರದೆ ಇಲ್ಲ. ಆದರೆ ಹೊರಗಿನಿಂದ ನೋಡಿದರೆ ಪ್ರೆಸ್ಸು ನಿನ್ನೆ ಹೇಗಿತ್ತೋ ಇವತ್ತೂ ಹಾಗೆಯೇ ಇರುತ್ತದೆ. ಸದ್ದೂ ಅದೇ.

ನಾನು ಹೋಗಿ ಆ ಪ್ರೆಸ್ಸಿನ ಕರೆಂಟು ತೆಗೆದು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಣ್ಣನ ಮೇಲೆ ಕೂಗಾಡಬೇಕೆಂದು ವಾಪಸು ಬಂದೆ. ಆದರೆ ಅವರು ಕೊಟ್ಟ ಟೀ ಇನ್ನೂ ಹೊಟ್ಟೆಯಲ್ಲಿ ಬೆಚ್ಚಗಿತ್ತು. ಕುಡಿದು ತಪ್ಪಾಗಿದ್ದರೆ, ಸೋಮಾರಿತನದಿಂದ ಆಗಿದ್ದರೆ, ದ್ವೇಷದಿಂದ ಆಗಿದ್ದರೆ ಬೈಯಬಹುದಿತ್ತು. ಇದು ಆಗಿದ್ದು ಮರ್ಯಾದೆಯಿಂದ. ಒಬ್ಬ ಹೆಂಗಸಿನ ಕೈಯನ್ನು ಅಚ್ಚಿನ ಕೆಳಗೆ ತಂದಿಟ್ಟದ್ದು, ನಮ್ಮ ಮನೆಯಲ್ಲಿ ನನಗೆ ಕಲಿಸಿದ್ದರಲ್ಲೆಲ್ಲ ಮೇಲಾದ ಗುಣ. ನಾನು ಅಣ್ಣನ ಜಾಗದಲ್ಲಿ ನಿಂತಿದ್ದರೂ ಎದುರಿನವರ ಲೋಟ ಖಾಲಿಯಾಗಲಿ ಎಂದೇ ಕಾಯುತ್ತಿದ್ದೆ.

ಒಂಬತ್ತರ ಹೊತ್ತಿಗೆ ಎಚ್.ಆರ್. ಸಾಹೇಬರು ಬಂದರು. ಅವತ್ತು ನಮ್ಮ ದೊಡ್ಡ ಗಿರಾಕಿ ಕಂಪನಿಯವರು ಕಾರ್ಖಾನೆ ನೋಡಲು ಬರುವವರಿದ್ದರು. ಪ್ಲಾಂಟ್ ಮ್ಯಾನೇಜರ್ ಅವರನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದರು. ಬಂದವರು ಮೊದಲು ಊಟ ಮಾಡಿ, ಆಮೇಲೆ ಶಾಪ್‌ಫ್ಲೋರಿಗೆ ಇಳಿಯುವುದು ಎಂದಿತ್ತು. ಎಚ್.ಆರ್. ಸಾಹೇಬರು ಗ್ಲೌಸನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಕೈ ಯಾಕೆ ಒಳಗೆ ಹಾಕಿದ್ಳು? ಕೈ ಹಾಕ್ಬಾರ್ದು ಅಂತ ರೂಲ್ ಇದೆ ತಾನೆ?”

“ಸೆನ್ಸರ್ ಇರ್ಲಿಲ್ಲ ಸಾರ್,” ಎಂದೆ. “ಅದು ಅವಳಿಗೆ ಗೊತ್ತಿರ್ಲಿಲ್ಲ.”

“ಮೇಡಂ, ಪ್ರೊಬೇಷನ್‌ನಲ್ಲಿರೋಳು. ಇಂಥ ದಿನ ಇಲ್ಲಿ ಅಳ್ತಾ ಕೂತಿದ್ರೆ ಗೆಸ್ಟ್‌ಗಳು ಏನು ಅಂದ್ಕೋತಾರೆ? ಐ.ಡಿ. ಕಾರ್ಡ್ ವಾಪಸ್ ತಗೊಂಡು ಮನೆಗೆ ಕಳಿಸ್ತೀನಿ. ಆಮೇಲೆ ನೋಡೋಣ.”

ಕಾರ್ಡ್ ವಾಪಸ್ ತೆಗೆದುಕೊಂಡು ಮನೆಗೆ ಕಳಿಸಿದವರನ್ನು ಆಮೇಲೆ ಯಾರೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಮ್ಯಾನೇಜರ್ ಸಾರ್‌ಗೆ ಮೊದಲು ಫೋನ್ ಮಾಡಿ ನಿಜ ಹೇಳ್ಬೇಕು,” ಎಂದೆ.

“ಹೇಳೋಣ, ಯಾರು ಬೇಡ ಅಂದ್ರು? ಕಾರಲ್ಲಿ ಗೆಸ್ಟ್ ಪಕ್ಕದಲ್ಲೇ ಕೂತಿರ್ತಾರೆ, ಈಗಲ್ಲ. ಬರ್ಲಿ, ಊಟ ಮಾಡ್ಲಿ. ಸಮಾಧಾನವಾಗಿರೋವಾಗ ಹೇಳಿದ್ರಾಯ್ತು.”

ಅದನ್ನು ಹೇಳಿದಾಗ ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಬಹಳ ಮೃದುವಾಗಿ, ನಮ್ಮ ಮನೆಯ ಹಿರಿಯರು ಹೇಳುವ ಹಾಗೆಯೇ ಹೇಳಿದರು. ಬೆಳಿಗ್ಗೆ ಕೇಳಿದ ಮಾತು ಮತ್ತೆ ಅದೇ ದಿನ, ಬೇರೆ ಬಾಯಿಂದ ಬರುತ್ತಿತ್ತು. ಅಣ್ಣ ಮನೆಗೆ ಹೋಗಿರಲಿಲ್ಲ. ಖಾಲಿ ಕ್ರೇಟಿನ ಮೇಲೆ ಕೂತವರು ಎಲ್ಲ ಕೇಳಿಸಿಕೊಂಡರು. ನಾನು ಮ್ಯಾನೇಜರಿಗೆ ಮೂರು ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಆ ಹೆಂಗಸನ್ನು ಕರೆದುಕೊಂಡು ಹೋಗಿ ಗೇಟಿನ ಸೆಕ್ಯುರಿಟಿ ರೂಮಿನಲ್ಲಿ ಕೂರಿಸಿದರು. ಅವಳ ಟಿಫನ್ ಕ್ಯಾರಿಯರು, ಚಪ್ಪಲಿ ತರಲು ಒಬ್ಬರನ್ನು ಕಳಿಸಿದರು. ಅವಳು ಗೇಟು ದಾಟಿದರೆ ಮುಗಿಯಿತು. ಕೈ ಹಾಕಿದ್ದು ಅವಳ ತಪ್ಪು ಎಂಬ ಒಂದೇ ಮಾತು ಒಳಗೆ ಉಳಿಯುತ್ತಿತ್ತು.

ಊಟದ ಹೊತ್ತಿಗೆ ಗೆಸ್ಟ್‌ಗಳ ಕಾರು ಬಂತು. ಕ್ಯಾಂಟೀನಿನ ಪಕ್ಕದ ರೂಮಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ನಾನು ಒಳಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ತಡವರಿಸುತ್ತಿದ್ದೆ. ಅಣ್ಣ ನನ್ನ ಪಕ್ಕದಿಂದಲೇ ಒಳಗೆ ನಡೆದರು. ರಾತ್ರಿಯ ಎಣ್ಣೆ ಮೆತ್ತಿದ ಯೂನಿಫಾರಂನಲ್ಲೇ.

ಮ್ಯಾನೇಜರ್ ಚಪಾತಿ ಮುರಿಯುತ್ತಿದ್ದವರು ತಲೆ ಎತ್ತಿದರು. “ಏನಣ್ಣ, ಇನ್ನೂ ಮನೆಗೆ ಹೋಗ್ಲಿಲ್ವಾ? ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ.”

“ಒಂದು ಮಾತಿತ್ತು ಸಾರ್.”

“ಊಟ ಆಗ್ಲಿ, ಆಮೇಲೆ ಮಾತಾಡೋಣ.”

“ಇಲ್ಲ ಸಾರ್. ನೀವು ಊಟ ಮಾಡೋಕೆ ಮುಂಚೆ ಹೇಳ್ಬೇಕು. ಬೆಳಿಗ್ಗೆ ನಾನು ಒಂದ್ ಲೋಟ ಟೀ ಮುಗೀಲಿ ಅಂತ ಕಾದೆ. ಅಷ್ಟರಾಗೆ ಒಬ್ಬ ಹೆಣ್ಮಗಳ ಕೈ ಹೋಗ್ತಿತ್ತು.”

ಎಚ್.ಆರ್. ಸಾಹೇಬರ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯ ಮೇಲೆ ಹಾಗೇ ನಿಂತಿತು. ಅಣ್ಣ ನಿಂತಲ್ಲೇ ಹೇಳಿದರು. ಸೆನ್ಸರ್ ಕೆಟ್ಟದ್ದು, ವೈರ್ ತಪ್ಪಿಸಲು ಹೇಳಿದ್ದು ತಾನು, ಕೆಟ್ಟಿದೆ ಎಂದು ಬೋರ್ಡ್ ಹಾಕದೆ ಬಿಟ್ಟದ್ದು ತಾನು, ಹೇಳದೆ ಇದ್ದದ್ದು ತಾನು. ಹಿಂದೊಂದು ಮುಂದೊಂದು ಒಳ್ಳೆಯ ಮಾತಿರಲಿಲ್ಲ. ತರಬೇತಿ ಮೇಡಂ ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಹೊರಗಿನವರ ಮುಂದೆ, ಅದೂ ನಮಗೆ ಅನ್ನ ಕೊಡುವ ಗಿರಾಕಿಯ ಮುಂದೆ, ಹೀಗೆ ಮನೆಯ ಒಳಗಿನದನ್ನೆಲ್ಲ ಸುರಿದದ್ದನ್ನು ನಾನು ಅವತ್ತಿನವರೆಗೂ ಕಂಡಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ನನಗೆ ಹೆದರಿಕೆಯಷ್ಟೇ ನಾಚಿಕೆಯೂ ಆಗಿತ್ತು. ಒಳಗೆ ಹೋಗಬೇಕಾಗಿದ್ದವಳು ನಾನಲ್ಲವೇ ಎಂದು.

ಮ್ಯಾನೇಜರ ಮುಖ ಕೆಂಪಾಯಿತು. “ಇದನ್ನ ಹೇಳೋಕೆ ಇದೇನಾ ಹೊತ್ತು?” ಎಂದರು, ಹಲ್ಲು ಕಚ್ಚಿ, ಮೆಲ್ಲಗೆ.

“ಇದಕ್ಕಿಂತ ಒಳ್ಳೆ ಹೊತ್ತು ಬೆಳಿಗ್ಗೆ ಆರು ಗಂಟೆಗಿತ್ತು ಸಾರ್. ಕಳ್ಕೊಂಡೆ.”

ಗೆಸ್ಟ್‌ಗಳಲ್ಲಿ ಹಿರಿಯರೊಬ್ಬರು ಕೊಯಮತ್ತೂರಿನವರು. ಬೆಂಗಳೂರಿನಲ್ಲಿ ಓದಿದ್ದವರಂತೆ, ಕನ್ನಡ ತಿಳಿಯುತ್ತಿತ್ತು. ಅವರು ತುತ್ತನ್ನು ತಟ್ಟೆಯಲ್ಲಿಟ್ಟು, ತಡೆದು ತಡೆದು ಕೇಳಿದರು: “ಯಾರ ಕೈ? ಅವರು ಎಲ್ಲಿ ಇದ್ದಾರೆ ಈಗ?”

ಬೆಳಗಿನಿಂದ ಎಷ್ಟು ಮಾತಾಡಿದ್ದೆವು. ಆ ಹೆಂಗಸು ಹೇಗಿದ್ದಾಳೆ, ಎಲ್ಲಿದ್ದಾಳೆ ಎಂದು ದೊಡ್ಡವರಲ್ಲಿ ಮೊದಲು ಕೇಳಿದ್ದು ಹೊರಗಿನ ಒಬ್ಬ ಮನುಷ್ಯ.

“ಗೇಟ್ ಹತ್ರ ಕೂರ್ಸಿದಾರೆ ಸಾರ್,” ಎಂದೆ ನಾನು. “ಕಾರ್ಡ್ ವಾಪಸ್ ತಗೊಂಡು.”

ಮ್ಯಾನೇಜರ್ ಎಚ್.ಆರ್. ಸಾಹೇಬರನ್ನು ನೋಡಿದರು. ಸಾಹೇಬರು ಸೌಟನ್ನು ನೋಡಿದರು.

ಯಾರೂ ಊಟ ಮಾಡಲಿಲ್ಲ. ಎಲ್ಲರೂ ಕೈ ತೊಳೆದು ಮೂಲೆಯ ಪ್ರೆಸ್ಸಿನ ಹತ್ತಿರ ಹೋದೆವು. ಆ ಹೆಂಗಸನ್ನು ಅಲ್ಲಿಗೆ ಕರೆಸಿದರು. ಅವಳು ಟಿಫನ್ ಕ್ಯಾರಿಯರನ್ನು ಎದೆಗೆ ಅವಚಿಕೊಂಡು ಬಂದಳು.

“ಕೈ ಯಾಕಮ್ಮ ಒಳಗೆ ಹಾಕ್ದೆ?” ಎಂದರು ಮ್ಯಾನೇಜರ್.

“ತಗಡು ವಾರೆಯಾಗಿತ್ತು ಸಾರ್. ದಿನಾ ಅಂಗೇ ಸರಿ ಮಾಡ್ತಿದ್ದೆ. ಕೈ ಬಂದ್ರೆ ಮಿಸನ್ನು ನಿಂತ್ಕತದೆ, ಎದ್ರುಕಬ್ಯಾಡ ಅಂತ ಸೇರಿದ ದಿನ ನೀವೇ ಯೋಳಿದ್ರಿ.”

ಮ್ಯಾನೇಜರ್ ಆ ಪ್ರೆಸ್ಸಿನ ಕಡೆ ಒಮ್ಮೆ ನೋಡಿದರು. ಆಮೇಲೆ ಎಚ್.ಆರ್. ಸಾಹೇಬರ ಕಡೆ ಕೈ ಚಾಚಿ ಕಾರ್ಡ್ ತೆಗೆದುಕೊಂಡು, ತಾವೇ ಅವಳ ಕೈಗಿತ್ತರು. “ಇವತ್ತು ಮನೆಗೆ ಹೋಗಿ ಮಲ್ಕೊಳ್ಳಮ್ಮ. ನಾಳೆ ಕೆಲಸಕ್ಕೆ ಬಾ,” ಎಂದರು. ಅವಳು ಕಾರ್ಡನ್ನು ತಕ್ಷಣ ಕುತ್ತಿಗೆಗೆ ಹಾಕಿಕೊಂಡಳು, ಮತ್ತೆ ಯಾರಾದರೂ ಕೇಳಿಬಿಟ್ಟಾರು ಎನ್ನುವ ಹಾಗೆ.

ಇದರಿಂದ ಎಲ್ಲರಿಗೂ ಒಳ್ಳೆಯದಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಹಾಗಾಗಲಿಲ್ಲ. ಎಲ್ಲ ಪ್ರೆಸ್ಸುಗಳ ತಪಾಸಣೆ ಆಗುವ ತನಕ ಗಿರಾಕಿಗಳು ಮಾಲು ತೆಗೆದುಕೊಳ್ಳಲಿಲ್ಲ. ಅಣ್ಣನನ್ನು ಕೆಲವು ದಿನ ಸಸ್ಪೆಂಡ್ ಮಾಡಿದರು. ಪ್ರೊಡಕ್ಷನ್ ಮ್ಯಾನೇಜರ್ ಹುದ್ದೆಗೆ ಅವರ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ. ಕೆಲವು ತಿಂಗಳ ಮೇಲೆ ಅದು ನನಗೆ ಬಂತು. ಅದನ್ನು ಹೇಳಲು ಕರೆಸಿದ ಮ್ಯಾನೇಜರ್, “ನಿಮಗೆ ಮಾತಾಡೋಕೆ ಬರುತ್ತೆ ಮೇಡಂ,” ಎಂದರು. ಆ ಮಾತು ಕೇಳಿ ನನಗೆ ಕೆನ್ನೆಗೆ ಹೊಡೆದಂತಾಯಿತು. ಕೆಲಸ ಒಪ್ಪಿಕೊಂಡೆ, ಒಪ್ಪಿಕೊಳ್ಳಲಿಲ್ಲ ಎಂದು ದೊಡ್ಡಸ್ತಿಕೆ ಹೇಳುವುದಿಲ್ಲ.

ಅಣ್ಣನ ಹತ್ತಿರ ಹೋಗಿ, “ಇದು ನಿಮ್ಮ ಕುರ್ಚಿ ಅಣ್ಣ,” ಎಂದೆ.

“ಬುಡಿ ಮೇಡಂ. ಊಟದ ಹೊತ್ತಲ್ಲಿ ಹೇಳಿದ್ದಕ್ಕೆ ಹೋಯ್ತು ಅಂತ ಎಲ್ರೂ ಅಂತಾರೆ. ನಂಗೆ ಅದ್ರ ಬೇಜಾರಿಲ್ಲ. ಬೆಳಿಗ್ಗೆ ಹೇಳ್ದೆ ಇದ್ದದ್ದು ನಿದ್ದೇಲೂ ಬತ್ತದೆ.”

ಈಗ ಪಾಳಿ ಬದಲಾಗುವಾಗ ನಮ್ಮಲ್ಲಿ ನಿಂತೇ ಮಾತಾಡುತ್ತೇವೆ. ಏನು ಕೆಟ್ಟಿದೆ, ಏನು ನಿಲ್ಲಿಸಿದೆ, ಯಾವುದನ್ನು ಮುಟ್ಟಬಾರದು, ಮೊದಲು ಅದು. ಅದನ್ನು ಆಪರೇಟರುಗಳ ಎದುರಿಗೇ ಜೋರಾಗಿ ಹೇಳುತ್ತೇವೆ. ಟೀ ಬಿಟ್ಟಿಲ್ಲ, ಆಮೇಲೆ ಕುಡಿಯುತ್ತೇವೆ. ಹೊಸದಾಗಿ ಸೇರಿದ ಎಂಜಿನಿಯರುಗಳು, “ಮೇಲೆ ಬರೋಕೆ ಏನು ಬೇಕು ಮೇಡಂ?” ಎಂದು ಕೇಳಿದಾಗ ನಾನು ಹೇಳುವುದು ಒಂದೇ: ಎದುರಿನವರ ಮುಖ ಬಾಡಿಸಿದರೂ ಸರಿ, ಕೆಟ್ಟದ್ದನ್ನು ತಡಮಾಡದೆ ಹೇಳಲು ಕಲಿಯಿರಿ. ಅದರಿಂದ ನೀವು ಮೇಲೆ ಬರುತ್ತೀರಿ ಎಂದು ಮಾತ್ರ ಭರವಸೆ ಕೊಡುವುದಿಲ್ಲ. ಅವರು ತಲೆಯಾಡಿಸುತ್ತಾರೆ. ಅವರಿಗೆ ಅದು ಸುಲಭ ಅನ್ನಿಸುತ್ತದೆ. ಮನೆಯಲ್ಲಿ ಮಾತ್ರ ನಾನು ಇವತ್ತಿಗೂ ಅಜ್ಜಿಯ ಮೊಮ್ಮಗಳೇ.

ಆ ಹೆಂಗಸು ಕಾಯಂ ಆದಳು. ತಿಂಗಳ ಕೊನೆಗಲ್ಲ, ತಪಾಸಣೆಯೆಲ್ಲ ಮುಗಿದು ಎಷ್ಟೋ ದಿನದ ಮೇಲೆ. ಆ ಸುದ್ದಿ ಬಂದ ದಿನ ಪಾಳಿ ಮುಗಿಸಿ ಹೊರಗೆ ಹೋಗಿ ಒಂದು ಡಬ್ಬಿ ಮೈಸೂರ್‌ಪಾಕ್ ತಂದಳು. ಎಲ್ಲರಿಗೂ ಹಂಚಿದಳು. ಎಚ್.ಆರ್. ಸಾಹೇಬರಿಗೂ ಕೊಟ್ಟಳು. ಅಣ್ಣ ಮಾತ್ರ ಅವಳು ಬರುತ್ತಿದ್ದುದನ್ನು ಕಂಡು ಟೂಲ್ ರೂಮಿನ ಕಡೆ ಸರಿದರು. ಆ ಬೆಳಿಗ್ಗೆಯಿಂದ ಅವರು ಅವಳನ್ನು ಕಣ್ಣೆತ್ತಿ ನೋಡಿದ್ದೇ ಇಲ್ಲ. ಅವಳ ಪ್ರೆಸ್ಸಿನ ಮುಂದೆ ಹಾದುಹೋಗಬೇಕಾದರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅವಳು ಬಿಡಲಿಲ್ಲ. ಹಿಂದೆಯೇ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಮಗಳು ಬರೋ ವಾರ ಬತ್ತಾಳೆ ಅಣ್ಣ. ಇಸ್ಕೂಲಿಗೆ ಸೇರಿಸ್ತಿವ್ನಿ. ತಗಳಿ.”

“ನಂಗೆ ಸಕ್ಕರೆ ಕಾಯ್ಲೆ ಕಣಮ್ಮ,” ಎಂದರು ಅಣ್ಣ, ನೆಲ ನೋಡುತ್ತಾ. ಅವರಿಗೆ ಯಾವ ಸಕ್ಕರೆ ಕಾಯಿಲೆಯೂ ಇರಲಿಲ್ಲ.

ಅವಳು ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ತುಂಡನ್ನು ಬಲಗೈಯ ಬೆರಳುಗಳಲ್ಲಿ ಹಿಡಿದು ಅವರ ಮುಖದ ಮುಂದೆ ಚಾಚಿದಳು.

“ನೋಡಿ, ಕೈ ನೆಟ್ಟಗೈತೆ. ಇದ್ರಲ್ಲೇ ಕೊಡ್ತಿವ್ನಿ. ಈಗ್ಲೂ ತಗಳ್ದಿದ್ರೆ ನಂಗೆ ಬೇಜಾರಾಯ್ತದೆ.”

ಅಣ್ಣ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿಂಡಿ ತೆಗೆದುಕೊಳ್ಳುವ ಮೊದಲು, ತಮ್ಮ ಕೈಯನ್ನು ಪ್ಯಾಂಟಿಗೆ ಎರಡೂ ಕಡೆ ಒರೆಸಿಕೊಂಡರು.